ಮಣಿಕಟ್ಟಿನಲ್ಲಿ ಮುಗಿದ ತೋಳು

"ಚಿತ್ರ ಬಿಡಿಸುದಾದ್ರೆ ಬಿಡಿಸಿ ಟೀಚರೇ. ಅದಕ್ಕೆ ಕೈ ಮಾತ್ರ ಕೊಡ್ಬೇಡಿ."

ಕಿಟ್ಟಣ್ಣ ಇದನ್ನು ಅಂಗಳದಲ್ಲೇ ನಿಂತು ಹೇಳಿದ. ಕಾಸರಕನ ಮರದ ಹತ್ತಿರ ಬರಲಿಲ್ಲ. ಮರದ ಕಾಂಡಕ್ಕೆ ಮೊಳದುದ್ದದ ಮರದ ಗೊಂಬೆಯೊಂದನ್ನು ಕಬ್ಬಿಣದ ಮೊಳೆಗಳಿಂದ ಜಡಿದಿದ್ದರು. ತಲೆ, ಎದೆ, ತೊಡೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕೆತ್ತಿದ್ದರು. ತೋಳುಗಳು ಮಾತ್ರ ಮಣಿಕಟ್ಟಿನಲ್ಲೇ ಮುಗಿದಿದ್ದವು.

ವಾರಿಜಾಕ್ಷಿ ನಕ್ಕಳು. "ಕೆತ್ತಿದವನಿಗೂ ನನ್ನ ಹಾಗೆ ಕೈ ಬರ್ತಿರ್ಲಿಲ್ಲ ಅಂತ ಕಾಣ್ತದೆ."

"ತಮಾಷೆ ಅಲ್ಲ ಮಾರಾಯ್ರೆ. ಯಾರೋ ಮಾಟ ಮಾಡಿ ನಮ್ಮ ಮನೆಗೆ ಬಿಟ್ಟ ಪೀಡೆ ಅದು. ಅತ್ತಿಗೆ ಸತ್ತಾಗ ಕುತ್ತಿಗೆಯಲ್ಲಿ ಬೆರಳಿನ ಗುರುತು ನಾನೇ ನೋಡಿದ್ದೇನೆ. ಕಡಬದ ಮಂತ್ರವಾದಿ ಬಂದು ಗೊಂಬೆ ಕೆತ್ತಿ, ಪೀಡೆಯನ್ನು ಅದರೊಳಗೆ ಹಿಡಿದು ಇಲ್ಲಿ ಜಡಿದ. ಕೈ ಇದ್ರೆ ಮೊಳೆ ಕೀಳ್ತದೆ ಅಂತಲೇ ಕೆತ್ತದೆ ಬಿಟ್ಟದ್ದು."

"ಕಾಗದದ ಕೈ ಮೊಳೆ ಕೀಳ್ತದಾ ಕಿಟ್ಟಣ್ಣ?"

"ಕಾಗದವಾದ್ರೆ ಎಂತ, ಮರವಾದ್ರೆ ಎಂತ? ಅದಕ್ಕೆ ಕೈ ಸಿಕ್ಕಿದ್ರೆ ಆಯ್ತು."

ಅವಳು ಮಂಗಳೂರಿನಿಂದ ಐವರ್ನಾಡಿನ ಶಾಲೆಗೆ ವಿಜ್ಞಾನ ಕಲಿಸಲು ಬಂದು, ಕಿಟ್ಟಣ್ಣನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದಳು. ಆದರೆ ಅವಳ ಮನಸ್ಸು ಬೇರೆ ಕಡೆಗಿತ್ತು. ಒಂದು ವೈದ್ಯಕೀಯ ಕಾಲೇಜಿಗೆ ಅಂಗರಚನೆಯ ಚಿತ್ರ ಬಿಡಿಸುವವರು ಬೇಕಾಗಿದ್ದರು, ಮಾರ್ಚಿನಲ್ಲಿ ಸಂದರ್ಶನ. ಅವಳು ಬಿಡಿಸಿದ ಹೃದಯವನ್ನೂ ಕಿವಿಯನ್ನೂ ಅಲ್ಲಿನವರು ಮೆಚ್ಚಿದ್ದರು. ಕೈಯನ್ನು ನೋಡಿ ಹಿಂದಕ್ಕೆ ಕಳಿಸಿದ್ದರು. ಅದು ಬಾಳೆಹಣ್ಣಿನ ಚಿಪ್ಪಿನಂತಿತ್ತು. ಸರಿಯಾದ ಕೈಯೊಂದನ್ನು ತರದಿದ್ದರೆ ಬರುವುದೇ ಬೇಡ ಎಂದಿದ್ದರು.

ತಾನು ಇಷ್ಟು ದಿನ ಬಿಡಿಸಿದ್ದು ಬರೀ ಚರ್ಮವನ್ನು ಎಂದು ಅವಳಿಗೆ ಹೊಳೆಯಿತು. ಮೂಳೆಯಿಂದ ಮತ್ತೆ ಶುರು ಮಾಡಿದಳು. ಮಣಿಕಟ್ಟಿನಲ್ಲಿ ಬೆಣಚುಕಲ್ಲುಗಳಂತೆ ಒತ್ತೊತ್ತಾಗಿ ಕುಳಿತ ಪುಟ್ಟ ಮೂಳೆಗಳು. ಅಲ್ಲಿಂದ ಬೀಸಣಿಗೆಯಾಗಿ ಹರಡುವ ಅಂಗೈಯ ಮೂಳೆಗಳು. ಬೆರಳಿನ ಗೆಣ್ಣುಗಳು ಸಾಲಾಗಿರುವುದಿಲ್ಲ, ಕಮಾನಾಗಿರುತ್ತವೆ. ಬೆರಳನ್ನು ಮಡಚುವ ಬಲ ಬೆರಳಿನಲ್ಲಿಲ್ಲ, ಮುಂದೋಳಿನಲ್ಲಿದೆ. ಆ ಬಲಕ್ಕೆ ಅಪ್ಪಣೆ ತರುವ ಎರಡು ನರಗಳು ಮೊಣಕೈಗಿಂತ ಮೇಲೆ ಅಕ್ಕಪಕ್ಕದಲ್ಲೇ ಇಳಿಯುತ್ತವೆ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ತನ್ನ ಎಡಗೈಯಲ್ಲೇ ಒತ್ತಿ, ಮಡಚಿ, ಹುಡುಕಿದಳು. ಕಿರುಬೆರಳು ತುಸು ಡೊಂಕಾದ ಎಡಗೈ ಮಾದರಿ, ಬಲಗೈ ಕೆಲಸದ್ದು. ಹಾಳೆಗಳು ಮುಗಿಯುತ್ತ ಹೋದಂತೆ ಕೈ ಹತ್ತಿರವಾಯಿತು.

ಉಳಿದದ್ದು ಒಂದೇ ತೊಡಕು. ಬಿಡಿಯಾಗಿ ಚೆನ್ನಾಗಿ ಬರುತ್ತಿದ್ದ ಕೈ ತೋಳಿಗೆ ಕೂಡುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ಮುಗಿಯುವ ತೋಳು ಕಿಟಕಿಯ ಎದುರಲ್ಲೇ ಇತ್ತು. ಅದನ್ನು ಬಿಟ್ಟು ಬೇರೆಲ್ಲಿ ಅಭ್ಯಾಸ ಮಾಡುವುದು? ಕಿಟ್ಟಣ್ಣ ಬೇಡ ಎಂದಿದ್ದರಿಂದ ಆಸೆ ಇನ್ನಷ್ಟು ಗಟ್ಟಿಯಾಯಿತು.

೧೯೮೦ರ ಫೆಬ್ರವರಿಯ ಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡಿತು. ಕಿಟ್ಟಣ್ಣ ನೀರಿನ ಹಂಡೆಗೆ ದರ್ಭೆ ಹಾಕಿ, ಹೆಂಡತಿ ಮಕ್ಕಳನ್ನು ಒಳಗೆ ಕೂಡಿ, ಅಗಳಿ ಹಾಕಿದ. ವಾರಿಜಾಕ್ಷಿ ಕಿಟಕಿ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟು ಬೇಕೆಂದೇ ಕುಳಿತಳು.

ಗೊಂಬೆಯ ತೋಳನ್ನು ಬಿಡಿಸಿದಳು. ಒಳಗಿನ ಮೂಳೆ, ಸ್ನಾಯು, ನರ ಕಾಣುವಂತೆ ಮಸಿಯಲ್ಲಿ ತಿದ್ದಿದಳು. ಮಣಿಕಟ್ಟು ದಾಟಿದಳು. ಸಂಜೆಗೆ ಇನ್ನೂ ಹೊತ್ತಿದ್ದರೂ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದವು. ಕಾಗೆಗಳು ಸುಮ್ಮನಾದವು. ಹೆಬ್ಬೆರಳಿನ ಉಗುರು ಮುಗಿಸಿ ಅವಳು ಹಾಳೆಯನ್ನು ದೂರ ಹಿಡಿದು ನೋಡಿದಳು.

ಕೈ ಬಂದಿತ್ತು. ಜೀವವಿರುವ ಕೈ.

ಕಿರ್ರ್.

ಹಸಿ ಮರದಿಂದ ಮೊಳೆ ಕೀಳುವ ಸದ್ದು. ತುಕ್ಕಿನ ವಾಸನೆ ಬಂತು, ಹಿಂದೆಯೇ ಕಾಸರಕನ ಕಹಿ ಘಾಟು. ಮರದ ಬುಡದಲ್ಲಿ ಟಣ್ ಎಂದಿತು. ಮತ್ತೊಂದು. ಮಗದೊಂದು. ಅವಳು ಹಾಳೆ ನೋಡಿದಳು. ಬಿಡಿಸಿಟ್ಟ ಬೆರಳುಗಳು ಮಡಚಿಕೊಂಡಿದ್ದವು.

"ಕಿಟ್ಟಣ್ಣ!"

ಗೋಡೆಯ ಆಚೆಯಿಂದ ಅವನ ದನಿ ಬಂತು. "ಕೊಟ್ಟಿರಾ? ಕೈ ಕೊಟ್ಟಿರಾ ಟೀಚರೇ?" ಬಾಗಿಲು ಮಾತ್ರ ತೆರೆಯಲಿಲ್ಲ.

ಹೊಸ್ತಿಲಲ್ಲಿ ಮರ ತೆವಳಿದ ಸದ್ದು. ನಂತರ ಕುತ್ತಿಗೆಗೆ ತಣ್ಣನೆಯ ಬೆರಳು. ಹಿಡಿತ ಬಿಗಿಯಿತು. ಅವಳು ಬೀಳುತ್ತ ಆ ಕೈಯನ್ನು ಮುಟ್ಟಿದಳು. ತುಸು ಡೊಂಕಾದ ಕಿರುಬೆರಳು. ಅವಳದೇ ಎಡಗೈ! ಉಸಿರಿಲ್ಲ. ಕಣ್ಣಿಗೆ ಕತ್ತಲೆ. ಮಸಿ ಗೆರೆ ರಬ್ಬರಿಗೆ ಅಳಿಯುವುದಿಲ್ಲ. ಬೆರಳು ಬಿಡಿಸಲು ಬೆರಳಿಗೆ ಹೋಗಬಾರದು. ಬಲ ಅಲ್ಲಿಲ್ಲ. ಮೇಲೆ. ಮೊಣಕೈಯ ಮೇಲೆ. ಪೆನ್ಸಿಲ್ ಹೆರೆಯುವ ಬ್ಲೇಡು ಸಿಕ್ಕಿತು. ಹಾಳೆ ಸಿಕ್ಕಿತು. ಅಕ್ಕಪಕ್ಕದ ಎರಡು ನರದ ಗೆರೆಗಳು. ಬ್ಲೇಡನ್ನು ಅಡ್ಡಕ್ಕೆ ಎಳೆದಳು.

ಹಿಡಿತ ಕಳಚಿತು. ಅದೇ ಗಳಿಗೆಯಲ್ಲಿ ಅವಳ ಎಡಗೈಯ ಬೆರಳುಗಳೂ ಸತ್ತವು.

ಗೊಂಬೆ ನೆಲದ ಮೇಲೆ ಬಿದ್ದಿತ್ತು. ಮಣಿಕಟ್ಟಿನಾಚೆ ಮರದ ಕೈಯೊಂದು ಮೂಡಿತ್ತು, ಬೆರಳು ಸಡಿಲವಾಗಿ ತೆರೆದುಕೊಂಡಿತ್ತು. ಅವಳು ಅದನ್ನು ಬಲಗೈಯಲ್ಲೇ ಎತ್ತಿ ಒಯ್ದು, ಭುಜದಿಂದ ಮರಕ್ಕೆ ಒತ್ತಿ ಹಿಡಿದು, ಕಲ್ಲಿನಿಂದ ಮೊಳೆಗಳನ್ನು ಮತ್ತೆ ಜಡಿದಳು. ಪ್ರತಿ ಏಟಿಗೂ ಬೈದಳು. ಗ್ರಹಣ ಬಿಡುವಾಗ ಬಾಗಿಲು ಸಂದು ಮಾಡಿ ಇಣುಕಿದ ಕಿಟ್ಟಣ್ಣನಿಗೆ, "ಇನ್ನು ಅದು ಹಿಡಿಯುದಿಲ್ಲ. ಹೊರಗೆ ಬನ್ನಿ," ಎಂದಳು.

ಬ್ಲೇಡು ಎಳೆದ ಅದೇ ಹಾಳೆಯನ್ನು ಸಂದರ್ಶನಕ್ಕೆ ಒಯ್ದಳು. ಅಂಗರಚನೆಯ ಪ್ರೊಫೆಸರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಎಡಗೈಯನ್ನು ಸೂಜಿಯಿಂದ ಚುಚ್ಚಿ ಪರೀಕ್ಷಿಸಿದರು.

"ಗಾಯದ ಗುರುತೇ ಇಲ್ಲ, ನರ ಮಾತ್ರ ಕಡಿದ ಹಾಗೆ ಉಂಟಲ್ಲ! ಹೆದರಬೇಡಿ. ನರ ತಾನಾಗಿ ಬೆಳೆಯುದುಂಟು, ದಿನಕ್ಕೆ ಒಂದು ಮಿಲಿಮೀಟರಿನಷ್ಟು. ಎಂದಾದರೊಂದು ದಿನ ಹಿಡಿತ ಬಂದೀತು."

ಅವಳಿಗೆ ಮರಕ್ಕೆ ಜಡಿದ ಗೊಂಬೆಯ ಕೈ ನೆನಪಾಯಿತು. ತನ್ನ ಕೈಗೆ ಹಿಡಿತ ಬಂದ ದಿನ ಆ ಕೈಗೂ ಬರುತ್ತದೆ. ಐವರ್ನಾಡಿನಲ್ಲಿ ಕಿಟ್ಟಣ್ಣನ ಮಕ್ಕಳು ಮಲಗುವುದು ಆ ಮರದ ಪಕ್ಕದ ಕೋಣೆಯಲ್ಲೇ.

"ಕೆಲಸಕ್ಕೆ ಬಲಗೈ ಸಾಕಲ್ಲ ಸಾರ್?"

"ಸಾಕು. ಸೋಮವಾರ ಬಂದು ಸೇರಿ."

ಅವಳು ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲೆ ಅಂಗಾತ ಇಟ್ಟಳು. ರವಿಕೆಯ ತೋಳನ್ನು ಮೇಲಕ್ಕೇರಿಸಿದಳು.

"ಹಾಗಾದ್ರೆ ತೋರಿಸಿ ಸಾರ್. ಮತ್ತೆಂದೂ ಬೆಳೆಯದ ಹಾಗೆ ಕಡಿಯುದಾದ್ರೆ, ಎಲ್ಲಿ ಕಡಿಯಬೇಕು?"