ಬಲಗಡೆಯ ಕಾಲಂ

ಅವನ ಮುಖ ಕಂಡರೇ ಅವಳಿಗೆ ಮೈಯೆಲ್ಲ ಉರಿ. ಅವಳು ಕೌಂಟರಿನಲ್ಲಿ ಕೂರುವ ರಕ್ತಪರೀಕ್ಷೆಯ ಲ್ಯಾಬಿಗೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಸಪೋರ್ಟ್‌ನವನು ಅವನು. ರಿಪೋರ್ಟ್ ಪ್ರಿಂಟ್ ಕೊಟ್ಟರೆ, ನಾರ್ಮಲ್ ಎಷ್ಟಿರಬೇಕೆಂದು ತೋರಿಸುವ ಬಲಗಡೆಯ ಕಾಲಂ ಕತ್ತರಿಸಿಹೋಗುತ್ತಿತ್ತು. ಅದೇ ಇಲ್ಲದಿದ್ದರೆ ಸಕ್ಕರೆ ಜಾಸ್ತಿಯೋ ಕಮ್ಮಿಯೋ ಯಾರಿಗೆ ಗೊತ್ತಾಗಬೇಕು? ಇವನೋ, ಬಂದವನೇ ತಲೆ ತಗ್ಗಿಸಿಕೊಂಡು ಒಳಕೋಣೆಯ ಸರ್ವರ್ ಮುಂದೆ ಕೂತು, "ಇಲ್ಲಿಂದ ಸರಿಯಾಗೇ ಬರ್ತಿದೆ ಮೇಡಂ" ಎಂದು ರಾಗ ಎಳೆಯುತ್ತಿದ್ದ. ಅದನ್ನು ಕೇಳಿ ಕೇಳಿ ಅವಳಿಗೆ ವಾಕರಿಕೆ ಬರುವುದೊಂದು ಬಾಕಿ.

ಇವತ್ತು ಲ್ಯಾಬಿನ ಡಾಕ್ಟರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಸಂಜೆಯೊಳಗೆ ಸರಿಹೋಗದಿದ್ದರೆ ಬೇರೆ ಕಂಪನಿ. ಅಂದರೆ ಇವನು ಇನ್ನು ಬರುವುದಿಲ್ಲ. ಪೀಡೆ ತೊಲಗಿತು ಎಂದು ಖುಷಿಪಡಬೇಕಿತ್ತು. ಖುಷಿಯಾಗಲಿಲ್ಲ. ಅದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸ್ವಲ್ಪ ಏಳ್ತೀರಾ? ನಿಮ್ಮ ಸೀಟಲ್ಲೇ ಕೂತು ನೋಡ್ಬೇಕು," ಎಂದ.

"ಈಗ ಜ್ಞಾನೋದಯ ಆಯ್ತಾ?"

"ಪ್ರಿಂಟ್ ಹೊರಡೋದು ನಿಮ್ಮ ಬ್ರೌಸರ್‌ನಿಂದ. ಸರ್ವರಲ್ಲಿ ಎಷ್ಟು ಹುಡುಕಿದ್ರೂ ಸಿಗಲ್ಲ."

ಕೀಬೋರ್ಡಿನ ತುಂಬ ಅವಳು ತಿಂದ ಬಿಸ್ಕತ್ತಿನ ಪುಡಿ. ಅವನು ಕರವಸ್ತ್ರದಿಂದ ಒರೆಸಿದ. ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಪ್ರಿಂಟ್‌ಗೆ ಮುಂಚೆ ಬರುವ ಪುಟದಲ್ಲಿ ಅವನು 'ಇನ್ನಷ್ಟು ಸೆಟ್ಟಿಂಗ್' ತೆರೆದ. ಅಕ್ಷರ ದೊಡ್ಡದು ಚಿಕ್ಕದು ಮಾಡುವ ಸ್ಕೇಲ್ ನೂರರ ಬದಲು ನೂರೈವತ್ತು ಎಂದಿತ್ತು.

"ಇದನ್ನ ಯಾರು ಇಟ್ಟಿದ್ದು?"

ಹಿಂದೊಮ್ಮೆ ರಿಪೋರ್ಟ್ ಒಯ್ಯಲು ಬಂದ ದಪ್ಪ ಕನ್ನಡಕದ ಒಬ್ಬ ಅಜ್ಜ "ಅಕ್ಷರ ಕಾಣಲ್ಲ ಮಗಳೇ" ಎಂದಿದ್ದರು. ಅವರಿಗೋಸ್ಕರ ಅವಳೇ ದೊಡ್ಡದು ಮಾಡಿದ್ದಳು. ಸಂಖ್ಯೆ ಕಂಡಿತೆಂದು ಅಜ್ಜ ಹೊರಟುಹೋದರು, ಕಾಲಂ ಹೋದದ್ದನ್ನು ಇಬ್ಬರೂ ನೋಡಲಿಲ್ಲ. ಬ್ರೌಸರ್ ಮಾತ್ರ ಅದನ್ನೇ ನೆನಪಿಟ್ಟುಕೊಂಡು ಕೂತಿತ್ತು.

"ನಾನೇ," ಎಂದಳು. "ನಿಮಗೆ ಬಾಯಿಗೆ ಬಂದ ಹಾಗೆ ಬೈದೆ. ಥೂ, ನನ್ನ ಜನ್ಮಕ್ಕಿಷ್ಟು."

ಅವನು ನೂರಕ್ಕೆ ಇಳಿಸಿದ. ರಿಪೋರ್ಟ್ ಇಡಿಯಾಗಿ ಹೊರಬಂತು.

"ಡಾಕ್ಟರಿಗೆ ನನ್ನ ತಪ್ಪು ಅಂತಲೇ ಹೇಳಿ."

"ಅರ್ಧ ನಂದು. ಮೊದಲ ದಿನವೇ ಇಲ್ಲಿ ಕೂರ್ಬೇಕಿತ್ತು." ಅವನ ಕಿವಿ ಕೆಂಪಾಗಿತ್ತು. "ನೀವು ಪಕ್ಕದಲ್ಲಿ ನಿಂತ್ರೆ ನನಗೆ ಮೌಸ್ ಹಿಡಿಯೋಕೂ ಬರಲ್ಲ. ಅದಕ್ಕೇ ಒಳಗೆ ಹೋಗಿ ಕೂರ್ತಿದ್ದೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊರಗೆ ಅಷ್ಟು ಜನ ಪರದಾಡಿದ್ದು ಇವನ ನಾಚಿಕೆಗಾ?

"ಅಸಹ್ಯ," ಎಂದಳು. ಪಕ್ಕದಿಂದ ಮಾತ್ರ ಕದಲಲಿಲ್ಲ.