ಕಿಮ್‌ಹೊಯ್ ಅಗಿದ ದಾರ

"ಅದನ್ನ ಬಾಯಿಗೆ ಇಟ್ಕೋಬೇಡ ಕಣೇ. ಹಲ್ಲಿಗಂತೂ ತಾಗಿಸಲೇಬೇಡ."

ಎದುರಂಗಡಿಯ ಅಜ್ಜಿ, ಬೋಂಗ್ಚಿ ಆಮಾ, ಊದುಬತ್ತಿ ಕಟ್ಟುಗಳ ಹಿಂದಿನಿಂದಲೇ ಕೂಗಿದಳು. ಅಟ್ಟದಿಂದ ಇಳಿಸಿದ ಅರಗಿನ ಪೆಟ್ಟಿಗೆಯನ್ನು ಹೊಸಿಲ ಮೇಲಿಟ್ಟು ಪೇಯ್‌ಯುನ್ ಧೂಳು ಕೊಡವುತ್ತಿದ್ದಳು. ಒಳಗೆ ಕಲ್ಲಾದ ಬಿಳಿ ಪೌಡರಿನ ಬಿಲ್ಲೆ, ಹಿತ್ತಾಳೆಯ ಚಿಮಟ, ಮರದ ಉರುಳೆಗೆ ಸುತ್ತಿದ ಹತ್ತಿಯ ದಾರ. ಮದುವೆಯ ಹಿಂದಿನ ದಿನ ಮದುಮಗಳ ಮುಖದ ನವಿರುಗೂದಲು ಕೀಳುತ್ತಿದ್ದ ಹಳೆಯ ಸಾಮಾನು. ಹಲ್ಲಲ್ಲಿ ಕಚ್ಚಿ ಹಿಡಿಯುವ ದಾರದ ತುದಿ ಹಳದಿಗಟ್ಟಿತ್ತು. ಅದರ ಮೇಲೆ ಯಾರದೋ ಹಲ್ಲಿನ ಗುರುತು.

"ಯಾಕೆ ಆಮಾ, ನಿಮ್ಮದಾ?"

"ನಮ್ಮಕ್ಕ ಕಿಮ್‌ಹೊಯ್‌ದು. ನೀನೀಗ ಇರೋ ಮನೇಲೇ ನಾವಿದ್ದಿದ್ದು. ಅವಳಿಗೆ ನೋಡಿದ್ದ ಗಂಡು ನನ್ನ ಇಷ್ಟಪಟ್ಟ. ಅವಳು ಒಂದ್ ಮಾತೂ ಆಡ್ಲಿಲ್ಲ. ಈ ದಾರ ಅಗೀತಾ ಅಗೀತಾ ಬಾಯೊಳಗೇ ಮಾಟ ಕಟ್ಟಿದ್ಲು. ಮದುವೆ ಹಿಂದಿನ ದಿನ ನಗ್ತಾ ನಗ್ತಾ ನನ್ನ ಮುಖಕ್ಕೆ ದಾರ ಹಾಕಿದ್ಲು. ನೋಡು."

ಮುದುಕಿ ಬೆಳಕಿಗೆ ಬಂದಳು. ಎಡಗೆನ್ನೆ ಜೋತುಬಿದ್ದಿತ್ತು. ತುಟಿಯ ಅಂಚು ದವಡೆಯತ್ತ ಎಳೆದುಕೊಂಡಿತ್ತು. ಆ ಬದಿಯ ಕಣ್ಣು ಮುಚ್ಚಲಾರದೆ ಮೀನಿನ ಕಣ್ಣಿನಂತೆ ಒಣಗಿತ್ತು.

"ಅದು ಲಕ್ವ ಆಮಾ, ಡಾಕ್ಟರಿಗೆ ತೋರಿಸ್ಬೇಕಿತ್ತು." ಪೇಯ್‌ಯುನ್ ನಕ್ಕಳು. "ನನ್ನ ಅಂಗಡಿಗೆ ಜನ ಬಂದ್ರೆ ನಿಮಗೆ ಹೊಟ್ಟೆಕಿಚ್ಚಾ?"

"ಹೊಟ್ಟೆಕಿಚ್ಚು ಅಂದ್ಯಲ್ಲ, ಆ ದಾರಕ್ಕೂ ಅದೇ ಬೇಕು." ಮುದುಕಿ ಚರಂಡಿಗೆ ಉಗಿದಳು. "ಹೋಗು, ಕಚ್ಚು. ಆಮೇಲೆ ನನ್ನ ಬಾಗಿಲು ಮಾತ್ರ ತಟ್ಬೇಡ."

ಪೇಯ್‌ಯುನ್ ತೈಪೆಯಿಂದ ಕಡಲತಡಿಯ ಲುಗಾಂಗ್‌ಗೆ ಬಂದು, ದೇವಸ್ಥಾನದ ಓಣಿಯ ಉದ್ದನೆಯ ಹಳೆಮನೆಯಲ್ಲಿ ಬ್ಯೂಟಿ ಪಾರ್ಲರ್ ತೆರೆದಿದ್ದಳು. ಅಜ್ಜಿಯರ ಕಾಲದ ಸಲಕರಣೆ, ಇಂದಿನ ಸೀರಮ್ಮು. ಅವಳ ವೀಡಿಯೊಗಳಿಗೆ ಅದೇ ಬಂಡವಾಳ. ದಾರವನ್ನು ಕುದಿಸಿದಳು, ಸ್ಪಿರಿಟ್ಟಿನಲ್ಲಿ ಅದ್ದಿದಳು, ಫೋನಿನ ಮುಂದೆ ಕೂತು ತುದಿಯನ್ನು ಹಲ್ಲಲ್ಲಿ ಕಚ್ಚಿ ತನ್ನ ಮುಖಕ್ಕೇ ದಾರ ಹಾಯಿಸಿದಳು. ಬಾಯಲ್ಲಿ ಕರ್ಪೂರ, ಹಳಸಿದ ಅಡಿಕೆ, ಅವೆರಡರ ಅಡಿಯಲ್ಲಿ ಇನ್ನೊಬ್ಬರ ಎಂಜಲಿನ ಹುಳಿ. ಮುಖ ಮಾತ್ರ ಸುಲಿದ ಮೊಟ್ಟೆಯಂತೆ ಹೊಳೆಯಿತು. ಅಂದಿನಿಂದ ಬೆಳಿಗ್ಗೆ ಮುಖ ತೊಳೆದ ಮೇಲೆ ದಾರ, ದಾರದ ಮೇಲೆ ಸೀರಮ್, ಆಮೇಲೆ ಸನ್‌ಸ್ಕ್ರೀನ್.

ಹುಳಿ ಮಾತ್ರ ಬಾಯಿ ಬಿಟ್ಟು ಹೋಗಲಿಲ್ಲ. ಚಹಾದಲ್ಲೂ ಅದೇ, ಅಕ್ಕಿಗಂಜಿಯಲ್ಲೂ ಅದೇ. ಸುಮ್ಮನೆ ಕೂತಿದ್ದಾಗಲೂ ಎಲ್ಲೋ ಹಲ್ಲು ಮಸೆಯುವ ಸದ್ದು ಕೇಳುತ್ತಿತ್ತು. ಕಿವಿಗೊಟ್ಟರೆ, ಅಗಿಯುತ್ತಿದ್ದದ್ದು ಅವಳದೇ ದವಡೆ.

ಅಷ್ಟರಲ್ಲಿ ತಂಗಿ ಆಲಿಂಗ್‌ಳ ಮದುವೆ ಬಂತು. ಕಿರಿಯಳಿಗೆ ಮೊದಲು. "ದೊಡ್ಡವಳದು ಯಾವಾಗ?" ಎಂದು ನೆಂಟರು ಕೇಳಿದಾಗಲೆಲ್ಲ ಪೇಯ್‌ಯುನ್ ನಗುತ್ತಾ ತಂಗಿಯ ಮದುವೆಗೆ ಹಂಚುವ ಕೇಕಿನ ಡಬ್ಬಿ ಅವರ ಕೈಗಿಡುತ್ತಿದ್ದಳು. ತನಗೇನೂ ಬೇಸರವಿಲ್ಲವೆಂದು ಅವಳೇ ನಂಬಿದ್ದಳು.

ಮದುವೆಯ ಹಿಂದಿನ ಮಧ್ಯಾಹ್ನ ಆಲಿಂಗ್ ಪಾರ್ಲರಿನ ಹಿಂಗೋಣೆಯಲ್ಲಿ ಕೂತು ಮುಖ ಎತ್ತಿದಳು.

"ಅಕ್ಕಾ, ಮೆಲ್ಲಗೆ. ನಾಳೆ ಅತ್ತೆ ಮನೆಯವರು ಮುಖ ನೋಡ್ದೆ ಬಿಡಲ್ಲ."

"ಹೆದರ್ಬೇಡ. ಅವರ ಮನೇಲಿ ಇಂಥ ಮುಖ ಯಾರಿಗೂ ಇಲ್ಲ."

ಆ ಮನೆಯ ಹಿಂಗೋಣೆಗೆ ಹಗಲು ಮುಟ್ಟುವುದಿಲ್ಲ. ಕಡಲ ಗಾಳಿ ಹೆಂಚಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ಪೌಡರ್ ಬಳಿದಳು. ದಾರ ಕಚ್ಚಿದಳು. ಬೆರಳಲ್ಲಿ ಹೆಣೆದ ದಾರವನ್ನು ಕತ್ತರಿಯಂತೆ ತೆರೆದು ಮುಚ್ಚಿದಳು. ಚರ್, ಚರ್. ಕೂದಲು ಉದುರಿತು.

ಎಡಗೆನ್ನೆಗೆ ಬಂದಾಗ ಒಂದು ಕೂದಲು ಸಿಕ್ಕಿತು. ಎಳೆದಳು, ಬಂತು. ಇನ್ನೂ ಬಂತು. ಬೆಳ್ಳಗಿನ ಎಳೆ, ಒದ್ದೆಯಾದದ್ದು, ಚರ್ಮದೊಳಗಿನಿಂದ ಸರಿದು ಬರುತ್ತಲೇ ಇತ್ತು. ಅದು ಕೂದಲಲ್ಲ. ದಾರ.

"ಅಕ್ಕಾ, ನೋವು. ಸಾಕು."

ಬಿಡಬೇಕೆಂದುಕೊಂಡಳು. ದವಡೆ ಬಿಡಲಿಲ್ಲ. ತಲೆ ತಾನಾಗಿ ಹಿಂದಕ್ಕೆ ವಾಲಿತು, ಆಲಿಂಗ್‌ಳ ತುಟಿಯ ಅಂಚು ಕಿವಿಯತ್ತ ಜಗ್ಗಿತು. ಕೆನ್ನೆ ನೆರಿಗೆಗಟ್ಟಿತು.

"ನಿಲ್ಸು! ಅಕ್ಕಾ, ನಿಲ್ಸೇ! ಆಮಾ! ಯಾರಾದ್ರೂ ಬನ್ನಿ!"

ಓಣಿಯಾಚೆ ಊದುಬತ್ತಿ ಅಂಗಡಿಯ ಶಟರ್ ದಡದಡನೆ ಇಳಿಯಿತು.

ಪೇಯ್‌ಯುನ್ ಕತ್ತರಿಗೆ ಕೈ ಚಾಚಿದಳು. ಅಲಗು ದಾರದ ಮೇಲೆ ಜಾರಿತು. ಮತ್ತೆ ಹಾಕಿದಳು. ಮತ್ತೆ ಜಾರಿತು. ಬಾಯಿತುಂಬ ಹುಳಿ. ಆದರೆ ಅದೀಗ ಹುಳಿಯಾಗಿರಲಿಲ್ಲ. ಸಿಹಿಯಾಗಿತ್ತು. ಎಳೆದಷ್ಟೂ ಸಿಹಿ. ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತಿತ್ತು, ಬಹಳ ದಿನಗಳ ಉರಿಯೊಂದು ಆರಿದಂತೆ. ಇನ್ನೊಂದೇ ಎಳೆತ. ಇನ್ನೊಂದೇ.

ತಂಗಿಯ ಕಣ್ಣು ಕಂಡಿತು. ಎಡಗಡೆಯದು, ಮುಚ್ಚಲಾಗದೆ ತೆರೆದೇ ಇದ್ದದ್ದು.

ಪೇಯ್‌ಯುನ್ ಪಕ್ಕದಲ್ಲಿದ್ದ ಕಲ್ಲಿನ ಸಿಂಕಿನ ಅಂಚಿಗೆ ತನ್ನ ಬಾಯನ್ನು ಅಪ್ಪಳಿಸಿದಳು. ಹಲ್ಲು ಕದಲಿತು. ದವಡೆ ಬಿಡಲಿಲ್ಲ. ಮತ್ತೆ ಅಪ್ಪಳಿಸಿದಳು. ಮೂಳೆ ಮುರಿದ ಸದ್ದು. ರಕ್ತ. ಮತ್ತೆ. ಕಚ್ಚಿದ ಹಲ್ಲುಗಳ ಸಮೇತ ದಾರ ಸಿಂಕಿಗೆ ಬಿತ್ತು. ನೀರು ಬಿಡುವ ಮೊದಲೇ ಹುಳುವಿನಂತೆ ಸರಿದು ತೂಬಿನೊಳಗೆ ಇಳಿದುಹೋಯಿತು.

ಸಂಜೆ ಆಸ್ಪತ್ರೆಯಲ್ಲಿ ಅವಳ ದವಡೆಗೆ ತಂತಿ ಕಟ್ಟಿದರು. ಆಲಿಂಗ್‌ಳ ಕೆನ್ನೆಯ ಮೇಲೆ ಕಿವಿಯಿಂದ ತುಟಿಯವರೆಗೆ ಒಂದು ಕೆಂಪು ಗೆರೆ ಉಳಿದಿತ್ತು. ಪೌಡರಿನಲ್ಲಿ ಮುಚ್ಚಿಹೋಗುವಷ್ಟೇ. ಅವಳು ಅಕ್ಕನ ಮಂಚದ ಹತ್ತಿರ ಕೂರಲಿಲ್ಲ. ಕಾಲ್ದೆಸೆಯಲ್ಲಿ ನಿಂತೇ ಇದ್ದಳು.

"ದಾರದ ಮಾತು ಬಿಡು. ಅದೇನಾಯ್ತೋ ನಂಗೆ ಗೊತ್ತಿಲ್ಲ. ನಾನು ಅಷ್ಟು ಬೇಡ್ಕೊಂಡೆ ಅಕ್ಕಾ. ನೀನು ನಗ್ತಾ ಇದ್ದೆ."

ಅಲ್ಲ ಎನ್ನಲು ಪೇಯ್‌ಯುನ್‌ಗೆ ಬಾಯಿ ತೆರೆಯಲಾಗಲಿಲ್ಲ. ತಲೆಯನ್ನಾದರೂ ಅಲ್ಲಾಡಿಸಬಹುದಿತ್ತು. ಅದನ್ನೂ ಮಾಡಲಿಲ್ಲ.

"ನಾಳೆ ಮದುವೆಗೆ ಬರ್ಬೇಡ," ಎಂದಳು ಆಲಿಂಗ್. ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.