ಹನೋರಾಳ ಗುಂಡಿಗೆ ಇಳಿದವನು

"ಯಾರೋ ನೀನು? ಮೇಲೆ ಬಾರೋ, ಕಳ್ಳ!"

ಹನೋರಾ ಕೂಗಿದ ರಭಸಕ್ಕೆ ಗುಂಡಿಯೊಳಗೆ ಗುದ್ದಲಿಯ ಸದ್ದು ನಿಂತಿತು. ಅವಳಪ್ಪ ಎಂಟು ತಿಂಗಳು ಅಗೆದ ಗುಂಡಿ ಅದು. ಮೈತುಂಬ ಕೆಂಪು ಧೂಳು ಮೆತ್ತಿಕೊಂಡ ಅಪರಿಚಿತನೊಬ್ಬ ತಲೆಯೆತ್ತಿ ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಅಳುಕೇ ಇಲ್ಲ! ಅವಳ ಎದೆ ಯಾಕೋ ಡವಗುಟ್ಟಿತು... ಅದಕ್ಕೂ ಸಿಟ್ಟೇ ಬಂತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವ ಹುಡುಗಿ.

ಕೂಲ್ಗಾರ್ಡಿ ಪಟ್ಟಣದಿಂದ ಎಂಟು ದಿನ ನಡೆದರೆ ಸಿಗುವ ಈ ಚಿನ್ನದ ದಿಣ್ಣೆಯಲ್ಲಿ ಕಾನೂನು ಒಂದೇ. ಮೂರು ದಿನ ಗುದ್ದಲಿ ಬೀಳದ ಗುಂಡಿ, ಮೊದಲು ಗೂಟ ಹೊಡೆದವನದು. ಅಪ್ಪನಿಗೆ ವಿಷಮಶೀತ ಜ್ವರ ಬಂದು ಆರೈಕೆಗೆಂದು ಅವಳೂ ಜ್ವರದ ಡೇರೆ ಸೇರಿ ಆರು ದಿನ. ಹೊರಗಿನವರನ್ನು ಅಲ್ಲಿಗೆ ಬಿಡುವುದಿಲ್ಲ. ಇವತ್ತು ಕಣ್ಣುಬಿಟ್ಟ ಅಪ್ಪ ಕೇಳಿದ ಮೊದಲ ಮಾತೇ, "ನಮ್ಮ ಗುಂಡಿ ಇದೆಯೇನೇ?"

"ಕಾಯಿಲೆ ಮನುಷ್ಯನ ಅನ್ನಕ್ಕೆ ಕೈ ಹಾಕ್ತೀಯಲ್ಲ, ನಾಚ್ಕೆ ಆಗಲ್ವಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ, ಕಂಕುಳಲ್ಲಿ ನಾಲ್ಕು ಗೂಟ ಇಟ್ಟುಕೊಂಡು ಹಲ್ಲು ಕಿರಿಯುತ್ತ ನಿಂತಿದ್ದ ಡಗನ್ ಕಣ್ಣಿಗೆ ಬಿದ್ದ; ಖಾಲಿ ಗುಂಡಿಗಳಿಗೆ ಹೊಂಚು ಹಾಕುವವನು. ಗುಂಡಿಯೊಳಗಿನವನು ಬಾಯಿ ಮುಚ್ಚಿಕೊಂಡ.

"ಮಾತಾಡಲ್ವಾ? ನಡಿ ಅಧಿಕಾರಿ ಹತ್ರ!"

ಅಧಿಕಾರಿಯ ಡೇರೆಯಲ್ಲಿ ಅವಳು ದೂರು ಹೇಳುವ ಮೊದಲೇ ಹಿಂದೆ ಬಂದಿದ್ದ ಡಗನ್ ಮುನ್ನುಗ್ಗಿದ.

"ಸ್ವಾಮಿ, ಈ ಜೇಗೋ ತಾನು ಇವರ ಆಳು ಅಂತ ನಿಮ್ಹತ್ರ ಬರೆಸಿದ್ನಲ್ಲ? ಬರೀ ಸುಳ್ಳು! ಈ ಹುಡುಗಿಗೆ ಇವನ ಗುರುತೇ ಇಲ್ಲ. ಗುಂಡಿ ಖಾಲಿ ಬಿದ್ದಿದೆ, ಇನ್ಮೇಲೆ ನಂದು."

ಹನೋರಾ ಜೇಗೋನ ಕಡೆ ತಿರುಗಿದಳು. ಆಳಾ? ಅಂದರೆ ಇವನು ಅಗೆದದ್ದು... ನಮಗೋಸ್ಕರವಾ! ಜೇಗೋನ ಅಂಗೈ ತುಂಬ ಬೊಬ್ಬೆಗಳು ಒಡೆದಿದ್ದವು. ಅಯ್ಯೋ ದೇವರೇ, ನನ್ನ ನಾಲಿಗೆಯಿಂದಲೇ ಎಲ್ಲ ಕಳೆದುಕೊಂಡೆನಾ?

"ಹೇಳಮ್ಮ, ಇವನು ನಿಮ್ಮ ಆಳು ಹೌದೋ ಅಲ್ವೋ?" ಅಧಿಕಾರಿ ಕೇಳಿದರು.

"ಆಳಲ್ಲ, ಸ್ವಾಮಿ."

ಡಗನ್ ಚಪ್ಪಾಳೆ ತಟ್ಟಿದ.

"ಇವನು ನಾನು ಮದುವೆ ಆಗೋ ಗಂಡು!" ಹನೋರಾ ಮಾತು ಮುಗಿಸಿದಳು. " ಕಳ್ಳ ಅಂತ ಬೈದೆ, ಹೌದು. ನಮ್ಮಮ್ಮ ಅಪ್ಪನ್ನ ಇದಕ್ಕಿಂತ ಕೆಟ್ಟದಾಗಿ ಬೈತಿದ್ಲು!"

ಅಧಿಕಾರಿ ಬಿದ್ದು ಬಿದ್ದು ನಕ್ಕರು. ಡಗನ್‌ನನ್ನು ಗೂಟಗಳ ಸಮೇತ ಹೊರಗೆ ಅಟ್ಟಿದರು.

ಹೊರಗೆ ಬಂದೊಡನೆ ಅವಳು ಜೇಗೋನನ್ನು ತಡೆದು ನಿಲ್ಲಿಸಿದಳು. "ಯಾಕೆ ಮಾಡಿದ್ರಿ ಇದನ್ನೆಲ್ಲ?"

"ಜ್ವರದ ಡೇರೇಲಿ ನಿಮ್ಮಪ್ಪನ ಪಕ್ಕ ಮಲಗಿದ್ದೋನು ನನ್ನ ತಮ್ಮ. ನನ್ನ ಒಳಗೆ ಬಿಡ್ಲಿಲ್ಲ. ನೀವು ನಿಮ್ಮ ಪಾಲಿನ ನೀರಲ್ಲಿ ಅವನ ತುಟಿ ಒದ್ದೆ ಮಾಡ್ತಿದ್ದದ್ದು ಸಂದೀಲಿ ಕಾಣ್ತಿತ್ತು. ಎರಡನೇ ದಿನ ಅವನನ್ನ ಮಣ್ಣು ಮಾಡಿ ಬಂದೆ. ಕೈ ಸುಮ್ನಿರ್ಲಿಲ್ಲ... ನಿಮ್ಮ ಗುಂಡಿ ಹೋಗ್ಬಾರ್ದು ಅನ್ನಿಸ್ತು."

ಹನೋರಾಳ ಕಣ್ಣು ತುಂಬಿತು. "ಅವರು... ಅಣ್ಣ ಬಂದ್ನಾ, ಅಣ್ಣ ಬಂದ್ನಾ ಅಂತ ಕೇಳ್ತಾನೇ ಇದ್ರು. ಬಂದಿದ್ದಾರೆ ಅಂತ ಸುಳ್ಳು ಹೇಳ್ಬಿಟ್ಟೆ."

"ಸುಳ್ಳಲ್ಲ," ಎಂದ ಅವನು. "ನಾನು ಹೊರಗೇ ನಿಂತಿದ್ದೆ."

ಇಬ್ಬರೂ ಬಹಳ ಹೊತ್ತು ಅತ್ತರು.

"ಮತ್ತೆ... ಅಧಿಕಾರಿ ಮುಂದೆ ಹೇಳಿದ್ದು?"

"ಅದು ಮಾತ್ರ ಅಪ್ಪಟ ಸುಳ್ಳು," ಅವಳು ಕಣ್ಣೊರೆಸಿಕೊಂಡಳು. "ನಿಜ ಮಾಡೋ ಮನಸ್ಸಿದ್ರೆ... ಅಪ್ಪ ಎದ್ದು ಓಡಾಡೋ ತನಕ ಕಾಯ್ತೀರಾ?"

"ಕಾಯ್ತೀನಿ. ಈಗ ಹೋಗಿ ಒಂದು ಗಳಿಗೆ ಮಲಗು, ಆರು ದಿನದಿಂದ ನೀನು ಕಣ್ಣು ಮುಚ್ಚಿಲ್ಲ."

"ಹೋಗ್ತೀನಿ," ಎಂದಳು ಹನೋರಾ, ಅವನ ಕೈ ಬಿಡದೆ.